ಒಂದು ಗೋಡೆ, ಮೂರು ಅಚ್ಚಿನ ಚಿತ್ರಗಳು: ಆಯ್ಕೆ, ದುರಸ್ತಿ ಮತ್ತು ಕಟ್ಟು ಹಾಕಿದ ಕೆಲಸದ ದಾಖಲೆ

ಮೈಸೂರಿನ ನಮ್ಮ ಹಳೆಯ ಮನೆಯ ಹಜಾರಕ್ಕೆ ಅಚ್ಚಿನ ಚಿತ್ರಗಳನ್ನು ಆರಿಸಿ, ಕಟ್ಟು ಹಾಕಿ, ಗೋಡೆಗೆ ಏರಿಸಿದ ಕೆಲಸದ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಚಿತ್ರಗಳು ಮೂರು: ಅಜ್ಜಿಯ ಕಾಲದಿಂದ ಮನೆಯಲ್ಲಿದ್ದ ರವಿವರ್ಮ ಮುದ್ರಣಾಲಯದ ಲಕ್ಷ್ಮಿ, ಹದಿನೆಂಟನೆಯ ಶತಮಾನದ ಕೊನೆಯ ಸಾವನದುರ್ಗದ ತಾಮ್ರಪಟ ಕೆತ್ತನೆಯೊಂದರ ಮರುಮುದ್ರಣ, ಮತ್ತು ಈಗಿನ ಯುವ ಕಲಾವಿದೆಯೊಬ್ಬರು ಲಿನೋಲಿಯಂ ಎಂಬ ಮೆತ್ತನೆಯ ಹಾಳೆಯನ್ನು ಕೆತ್ತಿ ಕೈಯಾರೆ ತೆಗೆದ ಲಿನೋ ಅಚ್ಚು. ಮನೆಗೆ ಚಿತ್ರ ಕೊಳ್ಳುವಾಗ ನಾವು ಸಾಮಾನ್ಯವಾಗಿ ಅದರಲ್ಲಿ ಏನು ಬರೆದಿದೆ ಎಂಬುದನ್ನಷ್ಟೇ ನೋಡುತ್ತೇವೆ. ಆದರೆ ಗೋಡೆಯ ಮೇಲೆ ವರ್ಷಗಟ್ಟಲೆ ಬಾಳಬೇಕಾದದ್ದು ಒಂದು ಹಾಳೆ ಕಾಗದ ಮತ್ತು ಅದರ ಮೇಲಿನ ಮಸಿ. ಅಚ್ಚು ಹೇಗೆ ತೆಗೆದದ್ದು, ಕಾಗದ ಎಂಥದ್ದು, ಗೋಡೆ ಎಂಥದ್ದು ಎಂಬ ಮೂರನ್ನು ತಿಳಿದ ಮೇಲೆಯೇ ಯಾವ ಚಿತ್ರ, ಎಷ್ಟು ದೊಡ್ಡದು, ಎಲ್ಲಿ ಎಂಬುದನ್ನು ತೀರ್ಮಾನಿಸಬೇಕು ಎಂಬುದು ನನ್ನ ದೃಢವಾದ ನಂಬಿಕೆ; ಈ ಕೆಲಸವನ್ನು ಅದೇ ಕ್ರಮದಲ್ಲಿ ಮಾಡಿದ್ದೇನೆ.

ಗೋಡೆಯ ಪರೀಕ್ಷೆ

ಹಜಾರದ ಕಿಟಕಿ ಪಶ್ಚಿಮಕ್ಕಿದೆ. ಸಂಜೆಯ ಬಿಸಿಲು ನೇರವಾಗಿ ಪೂರ್ವದ ಗೋಡೆಗೆ ಬೀಳುತ್ತದೆ. ಉತ್ತರದ ಗೋಡೆಯ ಹಿಂದೆ ಬಚ್ಚಲುಮನೆ ಇದೆ. ಉಳಿದದ್ದು ದಕ್ಷಿಣದ ಗೋಡೆ. ಹನ್ನೊಂದು ಅಡಿ ಅಗಲ, ಹತ್ತು ಅಡಿ ಎತ್ತರ, ಅದಕ್ಕೆ ಒರಗಿಸಿ ಆರು ಅಡಿ ಉದ್ದದ ಸೋಫಾ ಹಾಕಿದೆ. ನೋಡಿದ ಮಾತ್ರಕ್ಕೆ ಈ ಗೋಡೆಯೇ ಸರಿ ಎನಿಸುತ್ತದೆ, ಆದರೆ ಕಣ್ಣಂದಾಜಿಗಿಂತ ಪರೀಕ್ಷೆ ಮೇಲು.

ಬೆಳಕಿನ ಪರೀಕ್ಷೆಗೆ ಶಾಲಾ ಮಕ್ಕಳು ಬಳಸುವ ಅಗ್ಗದ ಬಣ್ಣದ ಕಾಗದವನ್ನು ತಂದು, ಪ್ರತಿ ಗೋಡೆಗೂ ಒಂದೊಂದು ತುಂಡು ಅಂಟಿಸಿ, ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿದೆ. ಈ ಕಾಗದದ ಬಣ್ಣ ಬೆಳಕಿಗೆ ಬಹುಬೇಗ ಸೋಲುತ್ತದೆ. ಇಂಥ ಕೆಲಸಕ್ಕೆ ಅದರ ದೌರ್ಬಲ್ಯವೇ ಅನುಕೂಲ. ಬೇಸಿಗೆ ಕಳೆದ ಮೇಲೆ ರಟ್ಟು ತೆಗೆದು ನೋಡಿದಾಗ ಪೂರ್ವದ ಗೋಡೆಯ ತುಂಡಿನಲ್ಲಿ ತೆರೆದಿದ್ದ ಭಾಗ ಬಿಳಿಚಿಕೊಂಡಿತ್ತು, ದಕ್ಷಿಣದ ಗೋಡೆಯ ತುಂಡಿನಲ್ಲಿ ಎರಡು ಭಾಗಗಳ ನಡುವಿನ ಗೆರೆಯನ್ನು ಹುಡುಕಿ ನೋಡಬೇಕಾಗಿತ್ತು. ಕಾಗದದ ಮೇಲಿನ ಚಿತ್ರಗಳನ್ನು ವಸ್ತುಸಂಗ್ರಹಾಲಯಗಳು ಮಂದ ಬೆಳಕಿನಲ್ಲಿ ಇಡುವುದಕ್ಕೆ ಕಾರಣ ಇದೇ: ಬೆಳಕಿನಿಂದ ಆದ ಹಾನಿ ಕೂಡುತ್ತಲೇ ಹೋಗುತ್ತದೆ, ಕತ್ತಲಲ್ಲಿ ಇಟ್ಟರೆ ಅದು ವಾಸಿಯಾಗುವುದಿಲ್ಲ.

ತೇವದ ಪರೀಕ್ಷೆ ಇನ್ನೂ ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಿಗೆ ಟೇಪು ಹಚ್ಚಿ ಗೋಡೆಗೆ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಟ್ಟರೆ ಸಾಕು. ಗೋಡೆಯೊಳಗೆ ನೀರಿನ ಪಸೆ ಇದ್ದರೆ ಹಾಳೆಯ ಒಳಮೈ ಬೆವರುತ್ತದೆ. ಉತ್ತರದ ಗೋಡೆಯಲ್ಲಿ ಹನಿಗಳೇ ಕಂಡವು. ಆ ಗೋಡೆಯ ಕೆಳಭಾಗದಲ್ಲಿ ಬಿಳಿಯ ಉಪ್ಪು ಮೊದಲೇ ಹೂಬಿಟ್ಟಿತ್ತು. ಅಂಥ ಗೋಡೆಯ ಮೇಲೆ ಎಷ್ಟೇ ಬೆಲೆಬಾಳುವ ಕಟ್ಟು ಹಾಕಿದರೂ ಮಳೆಗಾಲದಲ್ಲಿ ಕಾಗದ ಪಸೆ ಹೀರಿ ಅಲೆಯಲೆಯಾಗಿ ಉಬ್ಬುತ್ತದೆ, ಆಮೇಲೆ ಕಂದು ಚುಕ್ಕೆಗಳು ಏಳುತ್ತವೆ. ದಕ್ಷಿಣದ ಗೋಡೆಯ ಹಾಳೆ ಒಣಗಿಯೇ ಇತ್ತು. ಹೀಗೆ ಮೂರೂ ಚಿತ್ರಗಳು ಆ ಒಂದೇ ಗೋಡೆಗೆ ಎಂದು ನಿರ್ಧಾರವಾಯಿತು.

ಮೊದಲನೆಯದು: ಮನೆಯಲ್ಲೇ ಇದ್ದ ಲಕ್ಷ್ಮಿ

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. ಯಂತ್ರಗಳನ್ನೂ ನುರಿತ ಕೆಲಸಗಾರರನ್ನೂ ಜರ್ಮನಿಯಿಂದ ಕರೆಸಿಕೊಂಡರು. ಕೆಲವೇ ವರ್ಷಗಳಲ್ಲಿ ಮುದ್ರಣಾಲಯ ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರವಾಯಿತು, ನಂತರ ಅಲ್ಲಿಯೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರ್ ಅದನ್ನು ಕೊಂಡುಕೊಂಡರು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಆ ಹೆಸರಿನ ಚಿತ್ರಗಳು ಅಲ್ಲಿಂದ ದಶಕಗಳ ಕಾಲ ಹೊರಬರುತ್ತಲೇ ಇದ್ದವು. ಒಂದೊಂದು ಬಣ್ಣಕ್ಕೂ ಒಂದೊಂದು ಸುಣ್ಣದ ಕಲ್ಲನ್ನು ಸಿದ್ಧಪಡಿಸಿ, ಒಂದೇ ಹಾಳೆಯನ್ನು ಕಲ್ಲಿನಿಂದ ಕಲ್ಲಿಗೆ ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಿ ಒತ್ತಿ, ಕೊನೆಯಲ್ಲಿ ವಾರ್ನಿಷ್ ಬಳಿದು ತೈಲಚಿತ್ರದ ಹೊಳಪನ್ನು ತರುತ್ತಿದ್ದರು. ಓಲಿಯೋಗ್ರಾಫ್ ಎಂದು ಕರೆಯುವುದು ಇದನ್ನೇ.

ನಮ್ಮ ಚಿತ್ರ ಇಪ್ಪತ್ತು ಅಂಗುಲ ಎತ್ತರ, ಹದಿನಾಲ್ಕು ಅಂಗುಲ ಅಗಲವಿದೆ. ಕೆಳಗಿನ ಅಂಚಿನಲ್ಲಿ ಮುದ್ರಣಾಲಯದ ಹೆಸರೂ ಕಾರ್ಲಾ-ಲೋಣಾವಳ ಎಂಬ ಊರೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿವೆ. ಆದರೆ ಅಂಚಿನ ಬರಹವನ್ನೂ ಸೇರಿಸಿ ಛಾಯಾಚಿತ್ರ ತೆಗೆದು ಮರುಮುದ್ರಿಸಿದ ಹಾಳೆಗಳು ಪೇಟೆಯಲ್ಲಿ ಧಾರಾಳವಾಗಿರುವುದರಿಂದ ಹೆಸರೊಂದೇ ಸಾಕ್ಷಿಯಾಗದು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ದೇವಿಯ ಕೆನ್ನೆಯನ್ನು ನೋಡಬೇಕು. ಆಫ್‌ಸೆಟ್ ಮರುಮುದ್ರಣವಾದರೆ ನಾಲ್ಕು ಬಣ್ಣಗಳ ಚುಕ್ಕೆಗಳು ಅಳತೆಯಲ್ಲಿಟ್ಟಂತೆ ಸಾಲಾಗಿ, ಪುಟ್ಟ ಪುಟ್ಟ ಹೂಗಳ ಆಕಾರದಲ್ಲಿ ಕೂಡಿಕೊಂಡಿರುತ್ತವೆ. ಈಗಿನ ಇಂಕ್‌ಜೆಟ್ ಮುದ್ರಣವಾದರೆ ಸಿಂಪಡಿಸಿದಂಥ ಅತಿ ಸಣ್ಣ ಕಣಗಳು ಕಾಣುತ್ತವೆ. ಕಲ್ಲಚ್ಚಿನಲ್ಲಿ ಚುಕ್ಕೆಗಳು ಕುಶಲಕರ್ಮಿಯ ಕೈಯಿಂದ ಬಿದ್ದವಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ತೆಳು ಗುಲಾಬಿಯ ಮೇಲೆ ಕಂದು, ಕಂದಿನ ಮೇಲೆ ಬೂದು ಹೀಗೆ ಪದರ ಪದರವಾಗಿ ಕುಳಿತಿರುತ್ತವೆ. ನಮ್ಮದರಲ್ಲಿ ಕಂಡದ್ದು ಈ ಮೂರನೆಯ ಬಗೆ. ಹಳೆಯ ಚಿತ್ರ ಕೊಳ್ಳುವ ಯಾರೇ ಆಗಲಿ, ಅಂಗಡಿಗೆ ಹೋಗುವಾಗ ಈ ಸಣ್ಣ ಗಾಜನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈ ಲಕ್ಷ್ಮಿಯ ಸೀರೆಗೆ ಜರಿಯ ಅಂಚನ್ನೂ ಆಭರಣಗಳಿಗೆ ಚಮಕಿಯನ್ನೂ ಹಚ್ಚಿದ್ದಾರೆ. ಆ ಕಾಲದಲ್ಲಿ ಅನೇಕ ಮನೆಗಳ ಹೆಂಗಸರು ಓಲಿಯೋಗ್ರಾಫ್‌ಗಳನ್ನು ಹೀಗೆ ಬಟ್ಟೆ, ಜರಿ, ಮಣಿಗಳಿಂದ ಸಿಂಗರಿಸುತ್ತಿದ್ದರು. ಯಂತ್ರದಿಂದ ಸಾವಿರಾರು ಪ್ರತಿಗಳಾಗಿ ಬಂದ ಚಿತ್ರ ಅವರ ಕೈಯಲ್ಲಿ ಮತ್ತೆಲ್ಲೂ ಇಲ್ಲದ ಒಂದೇ ಪ್ರತಿಯಾಗುತ್ತಿತ್ತು. ಇಂಥದನ್ನು ಬಿಚ್ಚಿ ಅಡಿಯ ಚಿತ್ರವನ್ನು ಶುದ್ಧ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ; ಆ ಮಾತಿಗೆ ಯಾರೂ ಒಪ್ಪಬಾರದು.

ಕಟ್ಟನ್ನು ಬಿಚ್ಚುವ ಮುನ್ನ ಚಿತ್ರವನ್ನು ಮುಂದುಗಡೆಯಿಂದ ಪರಿಶೀಲಿಸಿದೆ. ಕೆಳಗಿನ ಅಂಚಿನುದ್ದಕ್ಕೂ ಸುಮಾರು ಒಂದು ಅಂಗುಲ ಎತ್ತರಕ್ಕೆ ನೀರಿನ ಕಲೆ ಏರಿತ್ತು, ಮೇಲಿನ ಅರ್ಧ ಚೊಕ್ಕಟವಾಗಿತ್ತು. ಗೋಡೆಯ ತೇವವಾದರೆ ಕಲೆ ಹೀಗೆ ಕೆಳಗೆ ಮಾತ್ರ ಇರುತ್ತಿರಲಿಲ್ಲ. ಅಮ್ಮನನ್ನು ಕೇಳಿದಾಗ ಕಾರಣ ತಿಳಿಯಿತು. ಪ್ರತಿ ಶುಕ್ರವಾರ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅರಿಸಿನ ಕುಂಕುಮವಿಟ್ಟು, ಆಗಷ್ಟೇ ನೀರು ಚಿಮುಕಿಸಿದ ಹೂಮಾಲೆಯನ್ನು ಕಟ್ಟಿನ ಮೇಲೆಯೇ ಇಳಿಬಿಡುತ್ತಿದ್ದರಂತೆ. ಗಾಜಿನ ಮೇಲಿನಿಂದ ಇಳಿದ ನೀರು ಕೆಳಗಿನ ಪಟ್ಟಿಯ ಸಂದಿಯಲ್ಲಿ ಸೇರಿ, ಅಲ್ಲಿಂದ ಕಾಗದ ಅದನ್ನು ಹೀರಿಕೊಂಡಿದೆ. “ಕುಂಕುಮ ಇಡಬೇಡ ಅಂತ ಮಾತ್ರ ಹೇಳಬೇಡಪ್ಪ, ಬೇರೆ ಏನು ಬೇಕಾದರೂ ಮಾಡು” ಎಂದರು ಅಮ್ಮ. ಪೂಜೆಗೊಳ್ಳುವ ಚಿತ್ರಕ್ಕೆ ಪೂಜೆಯನ್ನು ತಡೆದುಕೊಳ್ಳುವ ಕಟ್ಟು ಹಾಕಬೇಕೇ ಹೊರತು, ಕಟ್ಟಿಗಾಗಿ ಪೂಜೆಯನ್ನು ನಿಲ್ಲಿಸುವುದು ಸರಿಯಲ್ಲ ಎಂದು ನನಗೂ ಅನಿಸಿತು. ಮುಂದಿನ ಕೆಲಸದ ರೂಪವನ್ನು ನಿರ್ಧರಿಸಿದ್ದು ಈ ಮಾತೇ.

ಬಿಚ್ಚುವುದು, ಒಣಗಿಸುವುದು, ಜೋಡಿಸುವುದು

ಈ ಕೆಲಸವನ್ನು ಮಾಘ ಕಳೆದ ಮೇಲೆ, ಗಾಳಿ ಒಣಗಿರುವ ದಿನಗಳಲ್ಲಿ ಮಾಡಬೇಕು. ಮಳೆಗಾಲದಲ್ಲಿ ಕಟ್ಟು ಮುಚ್ಚಿದರೆ ಆಗಿನ ತೇವವೂ ಚಿತ್ರದ ಜೊತೆಗೆ ಒಳಗೇ ಉಳಿದುಬಿಡುತ್ತದೆ.

ದಪ್ಪ ಬಟ್ಟೆ ಹಾಸಿದ ಮೇಜಿನ ಮೇಲೆ ಚಿತ್ರವನ್ನು ಬೋರಲಾಗಿ ಮಲಗಿಸಿ, ಹಿಂಬದಿಯ ತುಕ್ಕು ಹಿಡಿದ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆದೆ. ಸುತ್ತಿಗೆಯನ್ನು ಇಲ್ಲಿ ಮುಟ್ಟಲೇಬಾರದು. ಒಂದು ಹೊಡೆತಕ್ಕೆ ಗಾಜು ಬಿರಿದರೆ ಅದರ ಚೂಪು ನೇರವಾಗಿ ಚಿತ್ರಕ್ಕೆ ತಗಲುತ್ತದೆ. ಹಿಂದೆ ತೆಳುವಾದ ಹಲಗೆಗಳಿದ್ದವು, ಹಲಗೆಗೂ ಚಿತ್ರಕ್ಕೂ ನಡುವೆ ಮಡಿಸಿದ ಹಳೆಯ ಪತ್ರಿಕೆಯ ಹಾಳೆಗಳಿದ್ದವು. ಹಲಗೆಗಳ ಸಂದಿಯಿದ್ದ ಕಡೆಯೆಲ್ಲ ಚಿತ್ರದ ಬೆನ್ನಿನ ಮೇಲೆ ಕಂದು ಪಟ್ಟಿ ಮೂಡಿತ್ತು. ಮರದಿಂದಲೂ ಪತ್ರಿಕೆಯ ಕಾಗದದಿಂದಲೂ ನಿಧಾನವಾಗಿ ಆಮ್ಲ ಹೊರಬಂದು ಪಕ್ಕದ ಕಾಗದವನ್ನು ಸುಡುತ್ತದೆ. ಹಿಂದೆ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ಹಾಕಿ ಕೊಡುವ ಕಟ್ಟುಗಳಲ್ಲಿ ಈಗಲೂ ನಡೆಯುತ್ತಿರುವುದು ಇದೇ.

ಚಿತ್ರ ಯಾವುದಕ್ಕೂ ಅಂಟಿಕೊಂಡಿರಲಿಲ್ಲ, ಆದರೆ ಜರಿ ಗಾಜಿಗೆ ಒತ್ತಿಕೊಂಡಿತ್ತು. ಗಾಜನ್ನು ಮೇಲಕ್ಕೆ ಎತ್ತುವ ಬದಲು ಒಂದು ಮೂಲೆಯಿಂದ ಬಹಳ ನಿಧಾನವಾಗಿ ಓರೆಯಾಗಿಸಿ ಬಿಡಿಸಿದೆ. ಬೆನ್ನಿನ ಧೂಳನ್ನು ಮೃದುವಾದ ಅಗಲ ಕುಂಚದಿಂದ ಹೊರಮುಖವಾಗಿ ಗುಡಿಸಿದೆ. ಮುಂಭಾಗಕ್ಕೆ ನೀರು, ಸೋಪು, ಬ್ರೆಡ್ಡಿನ ತುಂಡು, ಸ್ಪಿರಿಟ್ ಯಾವುದನ್ನೂ ತಾಗಿಸಲಿಲ್ಲ. ಹಳೆಯ ವಾರ್ನಿಷ್ ಸ್ಪಿರಿಟ್ಟಿಗೆ ಕರಗುತ್ತದೆ, ಜರಿಗೆ ಹಚ್ಚಿದ ಅಂಟು ನೀರಿಗೆ ಬಿಡುತ್ತದೆ. ಕೆಳಗಿನ ಕಲೆಯೂ ಹಾಗೆಯೇ ಉಳಿದಿದೆ. ಬಣ್ಣ ಎದ್ದು ಉದುರುತ್ತಿದ್ದರೆ ಅಥವಾ ಬೂಸ್ಟು ಬೆಳೆದಿದ್ದರೆ ಮನೆಯಲ್ಲಿ ಕೈ ಹಾಕದೆ ಬೆಂಗಳೂರಿನ ಇನ್‌ಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆಗೆ ಒಯ್ಯಬೇಕಾಗುತ್ತಿತ್ತು.

ಮೇಲಿನ ಅಂಚಿನಲ್ಲಿ ಎರಡು ಅಂಗುಲದ ಹರಿದ ಸೀಳೊಂದಿತ್ತು. ಅದನ್ನು ಪಾರದರ್ಶಕ ಟೇಪಿನಿಂದ ಅಂಟಿಸಬಾರದು; ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಅದನ್ನು ತೆಗೆಯುವ ದಾರಿ ಇಲ್ಲವೆಂದೇ ಹೇಳಬೇಕು. ಕೋಜೋ ಎಂಬ ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಜಪಾನಿ ತೆಳುಕಾಗದವನ್ನು ತರಿಸಿ, ಅದನ್ನು ಕತ್ತರಿಸದೆ ನೀರಿನ ಗೆರೆ ಎಳೆದು ಕೈಯಿಂದ ಹರಿದು, ನಾರುಗಳು ಅಂಚಿನಲ್ಲಿ ಚಾಚಿಕೊಂಡಿರುವಂತೆ ಪಟ್ಟಿಯೊಂದನ್ನು ಮಾಡಿಕೊಂಡೆ. ಅಂಟಿಗೆ ಗೋಧಿಯ ಪಿಷ್ಟ ಬೇಕು, ಮೈದಾ ಅಲ್ಲ. ಮೈದಾದಲ್ಲಿ ಉಳಿದಿರುವ ಜಿಗುಟು ಪದಾರ್ಥ ಕಾಲಕ್ರಮೇಣ ಕಪ್ಪಾಗುತ್ತದೆ, ಹುಳಗಳನ್ನೂ ಕರೆಯುತ್ತದೆ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸುತ್ತ ಗಂಜಿ ಅರೆಪಾರದರ್ಶಕವಾಗುವವರೆಗೆ ಕಾಯಿಸಿ, ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬೇಕಾದಷ್ಟು ತೆಳುವಾಗಿಸಿಕೊಂಡೆ. ಸೀಳಿನ ಎರಡು ಅಂಚುಗಳನ್ನು ಹೊಂದಿಸಿ, ಬೆನ್ನಿಗೆ ಪಟ್ಟಿಯನ್ನು ಹಚ್ಚಿ, ಬ್ಲಾಟಿಂಗ್ ಕಾಗದವಿಟ್ಟು, ಆ ಜಾಗದ ಮೇಲೆ ಮಾತ್ರ ತೂಕ ಹೇರಿ ಒಣಗಲು ಬಿಟ್ಟೆ. ಈ ಅಂಟಿನ ಹಿರಿಮೆಯೆಂದರೆ, ಮುಂದೆಂದಾದರೂ ಬೇಡವೆನಿಸಿದರೆ ಸ್ವಲ್ಪ ಪಸೆ ಕೊಟ್ಟು ಬಿಡಿಸಬಹುದು.

ಇನ್ನು ಚೌಕಟ್ಟು. ತೇಗದ ಪಟ್ಟಿ ಗಟ್ಟಿಯಾಗಿಯೇ ಇತ್ತು, ಮೂಲೆಗಳ ಕೂಡಿಕೆ ಮಾತ್ರ ಬಾಯಿ ಬಿಟ್ಟಿತ್ತು. ನಾಲ್ಕೂ ಪಟ್ಟಿಗಳನ್ನು ಬಿಡಿಸಿ, ಹಳೆಯ ವಜ್ರದ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ) ಅಂಟನ್ನು ಉಳಿಯಿಂದ ಕೆರೆದು, ಹೊಸದಾಗಿ ಫೆವಿಕಾಲ್ ಹಚ್ಚಿ, ಮೂಲೆಗಳಿಗೆ ಮರದ ತುಂಡುಗಳನ್ನು ಕೊಟ್ಟು, ನೈಲಾನ್ ಹಗ್ಗವನ್ನು ಸುತ್ತಿ ತಿರುಚಿ ಬಿಗಿದೆ. ಅಂಟು ಗಟ್ಟಿಯಾಗುವ ಮೊದಲು ಕರ್ಣಗಳೆರಡನ್ನೂ ಅಳೆದು ಸಮವಾಗಿಸಬೇಕು. ಒಂದಕ್ಕಿಂತ ಒಂದು ಉದ್ದವಿದ್ದರೆ ಚೌಕಟ್ಟು ಸೊಟ್ಟಗಾಗಿದೆ ಎಂದರ್ಥ.

ನಿಜವಾದ ತೊಡಕು ಆಳದ್ದು. ಜರಿ ಗಾಜಿಗೆ ತಾಗದಂತೆ ನಡುವೆ ಅಂತರ ಬೇಕು. ಗಾಜು 2 ಮಿಲಿಮೀಟರ್, ಅಂತರಕ್ಕೆ ನಾಲ್ಕೂವರೆ, ಚಿತ್ರ ಮತ್ತು ಅದರ ಹಿಂದಿನ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟು ಸೇರಿ ಒಂದೂವರೆ, ಕೊನೆಯ ಬೆನ್ನುಹಲಗೆ 3, ಒಟ್ಟು 11 ಮಿಲಿಮೀಟರ್. ಚೌಕಟ್ಟಿನೊಳಗೆ ಗಾಜು ಕೂರುವ ಕಚ್ಚಿನ ಆಳ 8 ಮಾತ್ರ. ಚಿತ್ರದ ಸುತ್ತ ಅಗಲವಾದ ಮೌಂಟ್ (ನಡುವೆ ಕಿಟಕಿ ಕತ್ತರಿಸಿದ ರಟ್ಟಿನ ಅಂಚು) ಕೊಟ್ಟು ದೊಡ್ಡ ಹೊಸ ಚೌಕಟ್ಟು ಹಾಕಿಸುವುದು ಸುಲಭದ ದಾರಿ, ಕಟ್ಟಿನ ಅಂಗಡಿಯವರೂ ಹಾಗೆಯೇ ಹೇಳಿದರು. ಆದರೆ ಈ ತೇಗದ ಪಟ್ಟಿಯೂ ಚಿತ್ರದಷ್ಟೇ ಹಳೆಯದು, ಅದರ ಅಳತೆಗೇ ಮಾಡಿಸಿದ್ದು. ಆದ್ದರಿಂದ ಚೌಕಟ್ಟಿನ ಹಿಂಬದಿಗೆ 6 ಮಿಲಿಮೀಟರ್ ದಪ್ಪದ ತೇಗದ ರೀಪುಗಳನ್ನು ಸ್ಕ್ರೂ ಹಾಕಿ ಕೂರಿಸಿ ಆಳವನ್ನು 14ಕ್ಕೆ ಏರಿಸಿದೆ. ಮುಂದಿನಿಂದ ನೋಡಿದರೆ ಯಾವ ಬದಲಾವಣೆಯೂ ಕಾಣದು, ಬೇಡವೆಂದಾಗ ಸ್ಕ್ರೂ ಬಿಚ್ಚಿದರೆ ಚೌಕಟ್ಟು ಮೊದಲಿನಂತಾಗುತ್ತದೆ.

ಅಂತರಕ್ಕಾಗಿ ಆಮ್ಲರಹಿತ ಮೌಂಟ್ ಬೋರ್ಡನ್ನು 4 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕುಯ್ದು, ಮೂರು ಪದರ ಒಂದರ ಮೇಲೊಂದು ಅಂಟಿಸಿ, ಗಾಜಿನ ಒಳಅಂಚಿಗೆ ಹಚ್ಚಿದೆ. ಅವು ಚೌಕಟ್ಟಿನ ತುಟಿಯ ಮರೆಯಲ್ಲಿ ಉಳಿಯುತ್ತವೆ. ಚಿತ್ರವನ್ನು ಮೌಂಟ್ ಬೋರ್ಡಿಗೆ ಪೂರ್ತಿಯಾಗಿ ಅಂಟಿಸದೆ, ಮೇಲಿನ ಅಂಚಿನಲ್ಲಿ ಮಾತ್ರ ಜಪಾನಿ ಕಾಗದದ ಪುಟ್ಟ ಕೀಲುಗಳಿಂದ ತೂಗುಬಿಟ್ಟೆ. ಹವೆ ಬದಲಾದಂತೆ ಕಾಗದ ಹಿಗ್ಗಿ ಕುಗ್ಗಲು ಇದರಿಂದ ಅವಕಾಶವಿರುತ್ತದೆ. ಸಾಮಾನ್ಯ ಚಿತ್ರಕ್ಕೆ ಎರಡು ಕೀಲು ಸಾಕು, ಜರಿಯ ಭಾರವಿದ್ದುದರಿಂದ ನಡುವೆ ಇನ್ನೊಂದನ್ನು ಸೇರಿಸಿದೆ. ಹಿಂದಕ್ಕೆ ಬೆನ್ನುಹಲಗೆಯಾಗಿ ಸನ್‌ಪ್ಯಾಕ್ ಎಂಬ ಪ್ಲಾಸ್ಟಿಕ್ ಶೀಟ್ ಇಟ್ಟು, ಗಾಜಿನಿಂದ ಸನ್‌ಪ್ಯಾಕ್‌ವರೆಗಿನ ಇಡೀ ಜೋಡಣೆಯನ್ನು ಚೌಕಟ್ಟಿಗೆ ಸೇರಿಸುವ ಮೊದಲೇ ನಾಲ್ಕೂ ಅಂಚಿಗೆ ಅಲ್ಯೂಮಿನಿಯಂ ಟೇಪಿನಿಂದ ಸುತ್ತಿ ಮುಚ್ಚಿದೆ. ಟೇಪು ಗಾಜಿನ ಮುಂದಿನ ಅಂಚನ್ನು 3 ಮಿಲಿಮೀಟರ್‌ನಷ್ಟು ಅಪ್ಪಿಕೊಂಡಿದೆ. ಇನ್ನು ಮುಂದೆ ಗಾಜಿನ ಮೇಲಿಂದ ನೀರು ಇಳಿದರೆ ಅದು ಚೌಕಟ್ಟಿನ ಮರವನ್ನು ಮುಟ್ಟೀತು, ಚಿತ್ರವನ್ನು ಮುಟ್ಟದು. ಮರದ ಆಮ್ಲಕ್ಕೂ ಅದೇ ಟೇಪು ತಡೆ. ಹೂಮಾಲೆಗೆಂದು ಚೌಕಟ್ಟಿಗೆ ತಾಗದಂತೆ ಗೋಡೆಯಲ್ಲೇ ಎರಡು ಹಿತ್ತಾಳೆಯ ಕೊಕ್ಕೆಗಳನ್ನು ಬೇರೆಯಾಗಿ ಹಾಕಿಕೊಟ್ಟೆ, ಅಮ್ಮ ಒಪ್ಪಿದರು. ಚೌಕಟ್ಟಿನ ಹೊರಮೈಯನ್ನು ಅತಿ ನಯವಾದ ಉಪ್ಪುಕಾಗದದಿಂದ ಉಜ್ಜಿ ಅರಗಿನ ಫ್ರೆಂಚ್ ಪಾಲಿಶ್ ಕೊಟ್ಟದ್ದು ಕೊನೆಯ ಕೆಲಸ.

ಎರಡನೆಯದರ ಆಯ್ಕೆ

ಲಕ್ಷ್ಮಿಯ ಪಕ್ಕಕ್ಕೆ ಏನು ಎಂಬ ಪ್ರಶ್ನೆಗೆ ಮನೆಯಲ್ಲಿ ಮೊದಲು ಬಂದ ಉತ್ತರ ಜಗನ್ಮೋಹನ ಅರಮನೆಯ ದೀಪ ಹಿಡಿದ ಮಹಿಳೆ. ಮೈಸೂರಿನವರಿಗೆ ಆ ಚಿತ್ರದ ಮೇಲೆ ಇರುವ ಮಮತೆ ಸಹಜವಾದದ್ದು. ಅಂಗಡಿಗಳಲ್ಲಿ ಅದು ರವಿವರ್ಮರ ಚಿತ್ರವೆಂದೇ ಎಷ್ಟೋ ಸಲ ಮಾರಾಟವಾಗುತ್ತದೆ, ಬರೆದವರು ಎಸ್. ಎಲ್. ಹಳದಣಕರ್, ರೂಪದರ್ಶಿಯಾಗಿ ನಿಂತವರು ಅವರ ಮಗಳು, ಮಾಧ್ಯಮ ಜಲವರ್ಣ. ನಾನು ಅದನ್ನು ಬೇಡವೆಂದದ್ದು ಆ ಚಿತ್ರದ ಮೇಲಿನ ಗೌರವದಿಂದಲೇ. ಬೆರಳ ಸಂದಿನಿಂದ ಸೋರುವ ಬೆಳಕಿಗೂ ಸೀರೆಯ ನೆರಿಗೆಯ ಕತ್ತಲಿಗೂ ನಡುವೆ ಇರುವ ಹತ್ತಾರು ಮೆಟ್ಟಿಲುಗಳಲ್ಲೇ ಆ ಚಿತ್ರದ ಜೀವವಿದೆ, ಪೇಟೆಯ ಆಫ್‌ಸೆಟ್ ಪ್ರತಿಗಳಲ್ಲಿ ಅವು ಕಲಸಿಹೋಗಿ ಮುಖ ಹಳದಿಯಾಗಿಯೂ ಹಿನ್ನೆಲೆ ಮಸಿಯಾಗಿಯೂ ಬರುತ್ತವೆ. ಇದಲ್ಲದೆ ಕಲಾವಿದರು ತೀರಿಕೊಂಡದ್ದು 1968ರಲ್ಲಿ. ನಮ್ಮ ದೇಶದ ಕಾನೂನಿನಂತೆ ಕೃತಿಸ್ವಾಮ್ಯ ಮರಣಾನಂತರ ಅರವತ್ತು ವರ್ಷ, ಎಂದರೆ 2028ರ ಕೊನೆಯವರೆಗೆ ಇರುತ್ತದೆ. ನಾನೇ ಕಡತ ಹುಡುಕಿ ಒಳ್ಳೆಯ ಕಾಗದದ ಮೇಲೆ ಮುದ್ರಿಸಿಕೊಳ್ಳುವ ದಾರಿಯೂ ಇಲ್ಲ. ನಡೆದು ಹೋಗಿ ನೋಡುವಷ್ಟು ಹತ್ತಿರದಲ್ಲಿ ಮೂಲವೇ ಇರುವಾಗ ಕಳಪೆ ಪ್ರತಿ ಏಕೆ?

ಆಮೇಲೆ ಮನಸ್ಸು ಹಳೆಯ ಮೈಸೂರು ಸೀಮೆಯ ದೃಶ್ಯಗಳತ್ತ ತಿರುಗಿತು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದೊಂದಿಗೆ ಬಂದ ಇಬ್ಬರು ನಮ್ಮ ಕೋಟೆ ಬೆಟ್ಟಗಳನ್ನು ಬರೆದರು. ಚಿತ್ರಕಾರ ರಾಬರ್ಟ್ ಹೋಮ್‌ನ ದೃಶ್ಯಗಳು ತಾಮ್ರಪಟ ಕೆತ್ತನೆಗಳಾಗಿ 1794ರಲ್ಲಿ ಪ್ರಕಟವಾದವು. ಫಿರಂಗಿ ಪಡೆಯ ಅಧಿಕಾರಿ ಜೇಮ್ಸ್ ಹಂಟರ್ 1792ರಲ್ಲೇ ಸತ್ತ. ಅವನ ನಲವತ್ತು ಚಿತ್ರಗಳು, ಲೋಹದ ಹಾಳೆಯನ್ನು ಆಮ್ಲದಿಂದ ಕೊರೆದು ಜಲವರ್ಣದಂಥ ಛಾಯೆ ತರುವ, ಬಣ್ಣದ ಅಕ್ವಾಟಿಂಟ್‌ಗಳಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಲಂಡನ್ನಿನಲ್ಲಿ ಬಂದವು. ದಾಳಿಗೆ ಬಂದವರ ಕಣ್ಣಿನಲ್ಲಿ ಕಂಡ ನಾಡು ಇದು, ಅದನ್ನು ಮರೆತು ಬರಿಯ ಚೆಲುವಾಗಿ ತೂಗುಹಾಕುವುದು ನನಗೆ ಒಪ್ಪಿಗೆಯಲ್ಲ. ಆದರೂ 1791ರ ಡಿಸೆಂಬರಿನಲ್ಲಿ ಅವರ ವಶವಾದ ಸಾವನದುರ್ಗದ ಬಂಡೆ ಆಗ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಇಷ್ಟು ನಿಖರವಾದ ಗೆರೆಗಳು ಬೇರೆಡೆ ಸಿಗುವುದು ಕಷ್ಟ. ಮಾಗಡಿ ಕಡೆಯವರಾದ ನಮಗೆ ಆ ಬೆಟ್ಟ ಮನೆಯ ದಿಕ್ಕು. ಹಂಟರ್‌ನ ಬಣ್ಣಗಳನ್ನು ಬಿಟ್ಟು ಹೋಮ್‌ನ ಕಪ್ಪು ಗೆರೆಗಳನ್ನು ಆರಿಸಿದ್ದಕ್ಕೆ ಗೋಡೆಯೇ ಕಾರಣ: ಜರಿಯೂ ಕೆಂಪೂ ತುಂಬಿದ ಲಕ್ಷ್ಮಿಯ ಪಕ್ಕದಲ್ಲಿ ಇನ್ನೊಂದು ಬಣ್ಣದ ಚಿತ್ರವಿದ್ದರೆ ಎರಡೂ ಸೊರಗುತ್ತವೆ.

ಇವು ಕೃತಿಸ್ವಾಮ್ಯ ಮುಗಿದ ಚಿತ್ರಗಳಾದ್ದರಿಂದ ಗ್ರಂಥಾಲಯಗಳು ಇಟ್ಟಿರುವ ಡಿಜಿಟಲ್ ಕಡತಗಳನ್ನು ಬಳಸಿಕೊಳ್ಳಬಹುದು. ಇಳಿಸಿಕೊಳ್ಳುವಾಗ ಆಯಾ ಗ್ರಂಥಾಲಯದ ನಿಬಂಧನೆಯನ್ನು ಓದಿಕೊಳ್ಳಬೇಕು. ಕಡತ ಸಿಕ್ಕಿದ ಮೇಲೆ ಲೆಕ್ಕ ಸರಳ. ಅಗಲದ ಪಿಕ್ಸೆಲ್‌ಗಳನ್ನು 300ರಿಂದ ಭಾಗಿಸಿದರೆ ಎಷ್ಟು ಅಂಗುಲಕ್ಕೆ ಚೆನ್ನಾಗಿ ಬರುತ್ತದೆ ಎಂದು ತಿಳಿಯುತ್ತದೆ. 3600 ಪಿಕ್ಸೆಲ್ ಅಗಲದ ಕಡತ ಹನ್ನೆರಡು ಅಂಗುಲಕ್ಕೆ ಸರಿ. ದೂರದಿಂದ ನೋಡುವ ತೈಲಚಿತ್ರದ ಪ್ರತಿಯಾದರೆ 200ರಿಂದ ಭಾಗಿಸಿ ದೊಡ್ಡದು ಮಾಡಿದರೂ ನಡೆದೀತು, ಗೆರೆ ಕೆತ್ತನೆಗೆ ಅದು ಸಲ್ಲದು. ಬಂಡೆಯ ನೆರಳನ್ನು ಕೆತ್ತನೆಗಾರ ಒತ್ತೊತ್ತಾದ ಗೆರೆಗಳಿಂದಲೇ ಕಟ್ಟಿರುತ್ತಾನೆ, ಅದನ್ನು ಮೂಲಕ್ಕಿಂತ ಬಹಳ ಹಿಗ್ಗಿಸಿದರೆ ನೆರಳು ಮಾಯವಾಗಿ ಗೆರೆಗಳು ಮಾತ್ರ ಉಳಿಯುತ್ತವೆ. ಸೋಫಾದ ಮೇಲಕ್ಕೆ ದೊಡ್ಡ ಚಿತ್ರವೇ ಬೇಕೆಂಬ ಆಸೆಯನ್ನು ಬಿಟ್ಟು, ಚಿತ್ರವನ್ನು ಹನ್ನೆರಡು ಅಂಗುಲಕ್ಕೇ ನಿಲ್ಲಿಸಿ, ಸುತ್ತ ಮೂರೂವರೆ ಅಂಗುಲದ ಮೌಂಟ್ ಕೊಟ್ಟು ಕಟ್ಟನ್ನು ದೊಡ್ಡದು ಮಾಡಿದೆ.

ಕಡತದಲ್ಲಿ ಹಳೆಯ ಕಾಗದದ ಹಳದಿಯೂ ಬಂದಿರುತ್ತದೆ. ಅದನ್ನು ಹಾಗೆಯೇ ಮುದ್ರಿಸಿದರೆ ಬಿಳಿಯ ಹೊಸ ಕಾಗದದ ಮೇಲೆ ಹಳದಿ ಮಸಿಯ ತೆರೆ ಬಳಿದಂತಾಗುತ್ತದೆ. ಆ ಛಾಯೆಯನ್ನು ತೆಗೆದು ಗೆರೆಗಳನ್ನಷ್ಟೇ ಉಳಿಸಿ, ಬಣ್ಣಕ್ಕೆ ಬದಲಾಗಿ ಕಾಗದವನ್ನೇ ಕೆನೆ ಬಿಳಿಪಿನದಾಗಿ ಆರಿಸಿಕೊಂಡೆ. ಹತ್ತಿಯ ನಾರಿನ, ಹೊಳಪಿಲ್ಲದ, ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುವ ಕಾಗದ ಅದು. ಫೋಟೋಗಳಿಗೆ ಬಳಸುವ ಹೊಳಪಿನ ಕಾಗದದ ಮೇಲೆ ಕೆತ್ತನೆ ತೀರ ನಿರ್ಜೀವವಾಗಿ ಕಾಣುತ್ತದೆ. ಮಸಿ ಪಿಗ್ಮೆಂಟಿನದೋ ಡೈಯದೋ ಎಂದು ಮುದ್ರಕರನ್ನು ಕೇಳಲೇಬೇಕು. ಪಿಗ್ಮೆಂಟ್ ಮಸಿ ಬೆಳಕಿಗೆ ಹೆಚ್ಚು ಕಾಲ ತಾಳುತ್ತದೆ. ಕೇಳಿದವರೆಲ್ಲ ಪಿಗ್ಮೆಂಟೇ ಎಂದರು. ಬೇರೆ ಬೇರೆ ಕಡೆ ನಾಲ್ಕು ಅಂಗುಲದ ಪರೀಕ್ಷಾ ಪಟ್ಟಿಗಳನ್ನು ಮುದ್ರಿಸಿಸಿ, ಅರ್ಧ ಮುಚ್ಚಿ, ಪಶ್ಚಿಮದ ಕಿಟಕಿಗೆ ಬೇಸಿಗೆಯಿಡೀ ಅಂಟಿಸಿದಾಗ ಒಂದು ಪಟ್ಟಿಯ ಕಪ್ಪು ಕಂದಿಗೆ ತಿರುಗಿತು. ಬದಲಾಗದೆ ಉಳಿದವುಗಳಲ್ಲಿ ಅತಿ ಸಣ್ಣ ಗೆರೆಗಳೂ ಬಿಡಿಬಿಡಿಯಾಗಿ ಬಂದಿದ್ದ ಕಡೆಗೆ ಕೆಲಸ ಕೊಟ್ಟೆ.

ಮೂರನೆಯದು

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ನಡೆಸುವ ಚಿತ್ರಸಂತೆಯಲ್ಲಿ ಈ ಲಿನೋ ಅಚ್ಚು ಸಿಕ್ಕಿತು. ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಕಪ್ಪು ಬಿಳುಪು ಎರಡೇ, ಮಲ್ಲಿಗೆಯ ಕುಕ್ಕೆಗಳೆಲ್ಲ ಮಸಿ ತಾಗದೆ ಉಳಿದ ಕಾಗದ. ಮರುಮುದ್ರಣಕ್ಕೂ ಇದಕ್ಕೂ ಇರುವ ಅಂತರವನ್ನು ಕೊಳ್ಳುವವರು ತಿಳಿದಿರಬೇಕು: ಇಲ್ಲಿ ಬೇರೆ ಮೂಲವೆಂಬುದು ಇಲ್ಲ, ಕೆತ್ತಿದ ಹಾಳೆಯಿಂದ ಕಲಾವಿದೆ ಒತ್ತಿ ತೆಗೆದ ಪ್ರತಿ ಪ್ರತಿಯೂ ಮೂಲವೇ. ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 7/25 ಎಂದಿದೆ. ಇಪ್ಪತ್ತೈದು ಪ್ರತಿಗಳಲ್ಲಿ ಏಳನೆಯದು. ಬಲಕ್ಕೆ ಸಹಿ ಇದೆ. ಓರೆಯಾಗಿ ಹಿಡಿದರೆ ಮಸಿ ಕಾಗದದಿಂದ ಚೂರು ಎದ್ದು ನಿಂತಿರುವುದು ಕಾಣುತ್ತದೆ. ಇಷ್ಟಾಗಿಯೂ ಅದರ ಬೆಲೆ, ಅಂಗಡಿಗಳಲ್ಲಿ ಗಾಜಿನ ಚೌಕಟ್ಟಿನೊಂದಿಗೆ ಮಾರುವ ಯಂತ್ರಮುದ್ರಿತ ಹೂದಾನಿ ಚಿತ್ರಗಳಿಗಿಂತ ಬಹಳ ಹೆಚ್ಚೇನೂ ಇರಲಿಲ್ಲ. ಮೊದಲ ಬಾರಿಗೆ ಮನೆಗೆ ಚಿತ್ರ ಕೊಳ್ಳುವವರಿಗೆ ನಾನು ಮೊದಲು ತೋರಿಸುವುದು ಇದೇ ದಾರಿಯನ್ನು.

ಎಣ್ಣೆಮಸಿ ಪೂರ್ತಿ ಒಣಗಲು ವಾರಗಳೇ ಬೇಕಾದ್ದರಿಂದ ಹಾಳೆಯನ್ನು ಗಾಳಿಯಾಡುವ ಕಪಾಟಿನಲ್ಲಿ ಮಲಗಿಸಿಟ್ಟು ಆಮೇಲೆ ಕಟ್ಟು ಹಾಕಿದೆ. ಕಾಗದದ ಅಂಚುಗಳು ಕೈಯಿಂದ ಹರಿದಂತೆ ಒರಟಾಗಿವೆ, ಅವುಗಳನ್ನು ಮೌಂಟಿನ ಅಡಿಯಲ್ಲಿ ಮುಚ್ಚುವುದು ಅನ್ಯಾಯ. ಹಾಳೆ ಇಡಿಯಾಗಿ ಕಾಣುವಂತೆ ಹಿಂದಿನ ಬೋರ್ಡಿನ ಮೇಲೆ ತೇಲಿಸಿ, ಬೆನ್ನಿನಿಂದ ಕೀಲು ಕೊಟ್ಟು, ಗಾಜಿನಿಂದ ದೂರವಿರಿಸಲು ಲಕ್ಷ್ಮಿಗೆ ಮಾಡಿದಂಥದೇ ಅಂತರದ ಪಟ್ಟಿಗಳನ್ನು ಹಾಕಿದೆ.

ಗೋಡೆಗೆ ಏರಿಸಿದ್ದು

ಮೂರೂ ಕಟ್ಟುಗಳ ಅಳತೆಗೆ ಹಳೆಯ ಪತ್ರಿಕೆಯನ್ನು ಕತ್ತರಿಸಿ, ಗೋಡೆಗೆ ಟೇಪಿನಿಂದ ಹಚ್ಚಿ, ಕೆಲವು ದಿನ ಹಾಗೆಯೇ ಬಿಟ್ಟು ಸ್ಥಾನಗಳನ್ನು ಸರಿಸಿ ನೋಡಿದೆವು. ಚಿತ್ರಗಳ ನಡುಗೆರೆ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ನಿಂತವರ ಕಣ್ಣಿಗೆ ಹಿತ ಎಂಬ ರೂಢಿಯಿದೆ. ನಮ್ಮ ಮನೆಗಳಲ್ಲಿ ಪಟಗಳನ್ನು ಬಾಗಿಲಿನ ಮೇಲ್ಪಟ್ಟಿಯ ಎತ್ತರಕ್ಕೆ ಏರಿಸುವುದರಿಂದ ಅವನ್ನು ಯಾರೂ ಹತ್ತಿರದಿಂದ ನೋಡಿರುವುದೇ ಇಲ್ಲ. ಲಕ್ಷ್ಮಿಯನ್ನು ಮಾತ್ರ ಅಮ್ಮನ ಕೈಗೆ ಎಟುಕುವ, ಆದರೆ ಸೋಫಾದಲ್ಲಿ ಕುಳಿತವರ ತಲೆ ತಾಗದ ಜಾಗವೆಂದು ಸೋಫಾದ ಎಡಕ್ಕೆ, ಉಳಿದೆರಡಕ್ಕಿಂತ ಒಂದು ಗೇಣು ಮೇಲೆ ಇಟ್ಟೆವು. ಉಳಿದೆರಡು ಸೋಫಾದ ಮೇಲೆ ಒಂದೇ ನಡುಗೆರೆಯಲ್ಲಿವೆ.

ತೂಕವನ್ನು ಮೊದಲೇ ಲೆಕ್ಕ ಹಾಕಬಹುದು. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಎರಡು ಅಡಿಗೆ ಒಂದೂವರೆ ಅಡಿಯ 2 ಮಿಲಿಮೀಟರ್ ಗಾಜು 1.4 ಕಿಲೋ ಆಯಿತು. ಚೌಕಟ್ಟು, ಬೋರ್ಡು ಸೇರಿ ಮೂರು ಕಿಲೋ ಮೀರದು. ನಮ್ಮದು ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಮೊಳೆ ಹೊಡೆದರೆ ಗಾರೆ ಬಿಲ್ಲೆಬಿಲ್ಲೆಯಾಗಿ ಉದುರುತ್ತದೆ. ಡ್ರಿಲ್ಲನ್ನು ಹೊಡೆತವಿಲ್ಲದೆ ಬರಿಯ ತಿರುಗಾಟದಲ್ಲಿ ನಡೆಸಿ, 6 ಮಿಲಿಮೀಟರ್ ತೂತು ಕೊರೆದು, ಗಾರೆಯನ್ನು ದಾಟಿ ಇಟ್ಟಿಗೆಯಲ್ಲಿ ಕೂರುವಷ್ಟು ಉದ್ದದ ಪ್ಲಾಸ್ಟಿಕ್ ಗಟ್ಟಾ ಮತ್ತು ಸ್ಕ್ರೂ ಹಾಕಿದೆ. ಒಂದೊಂದು ಕಟ್ಟಿಗೂ ಎರಡು ಸ್ಕ್ರೂ. ರಸಮಟ್ಟ ಇಟ್ಟು ಗುರುತು ಮಾಡಿದರೆ ಮುಂದೆ ಯಾರು ಒರೆಸಿದರೂ ಪಟ ವಾಲುವುದಿಲ್ಲ. ಕೆಳಗಿನ ಮೂಲೆಗಳ ಹಿಂದೆ ರಬ್ಬರಿನ ಬಿಲ್ಲೆಗಳನ್ನು ಅಂಟಿಸಿ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡಲು ಜಾಗ ಬಿಟ್ಟಿದ್ದೇನೆ. ಹಜಾರದ ಟ್ಯೂಬ್‌ಲೈಟ್ ತೆಗೆದು, ಬಣ್ಣಗಳನ್ನು ಸರಿಯಾಗಿ ತೋರುವ, ಆ ಗುಣದ ಅಳತೆಯಾಗಿ 90ಕ್ಕಿಂತ ಹೆಚ್ಚಿನ ಸಿಆರ್‌ಐ ಇರುವ ಬೆಚ್ಚನೆಯ ಎಲ್‌ಇಡಿ ದೀಪ ಹಾಕಿದ ಮೇಲೆ ಲಕ್ಷ್ಮಿಯ ಸೀರೆಯ ಕೆಂಪಿನಲ್ಲಿ ಎರಡು ಬಗೆಯ ಕೆಂಪುಗಳಿರುವುದು ಮೊದಲ ಸಲ ಕಂಡಿತು.

ಮಳೆಗಾಲ ಮುಗಿದ ಮೇಲೆ ಮೂರನ್ನೂ ಇಳಿಸಿ ಬೆನ್ನನ್ನು ಪರೀಕ್ಷಿಸಿದೆ. ಸನ್‌ಪ್ಯಾಕ್ ಒಣಗಿತ್ತು, ಟೇಪು ಎಲ್ಲಿಯೂ ಎದ್ದಿರಲಿಲ್ಲ, ಸಿಲ್ವರ್‌ಫಿಶ್ ಹುಳದ ಸುಳಿವಿರಲಿಲ್ಲ. ಲಕ್ಷ್ಮಿಯ ಕಟ್ಟಿನ ಕೆಳಪಟ್ಟಿಯಲ್ಲಿ ಅರಿಸಿನದ ಗೆರೆಯೊಂದು ಮರದ ಮೇಲೆ ಇಳಿದು ನಿಂತಿತ್ತು, ಟೇಪಿನ ಒಳಗೆ ಹೋಗಿರಲಿಲ್ಲ. ಯಾವ ಕಾಗದ, ಯಾವ ಅಂಟು, ಯಾವ ತಿಂಗಳಲ್ಲಿ ಮುಚ್ಚಿದ್ದು ಎಂಬುದನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಪ್ರತಿಯೊಂದರ ಹಿಂದೆಯೂ ಅಂಟಿಸಿ ಮತ್ತೆ ಏರಿಸಿದೆ. ಮುಂದಿನ ವರ್ಷವೂ ಮಳೆ ನಿಂತ ಮೇಲೆ ಇದೇ ತಪಾಸಣೆ ಆಗಬೇಕು.